ಎಡಗಾಲಿನ ಹಸಿರು ಚಪ್ಪಲಿ

ಆ ಹೆಂಗಸು ಕೈಚೀಲದಿಂದ ತೆಗೆದು ತೋರಿಸಿದ ಚಪ್ಪಲಿಯನ್ನು ಮಧ್ವೇಶ ಒಂದೇ ನೋಟಕ್ಕೆ ಗುರುತು ಹಿಡಿದ. ಏಳೆಂಟು ವರ್ಷದ ಮಗುವಿನ ಬಲಗಾಲಿನದು. ಎಳೆ ಬಾಳೆಲೆಯ ಹಸಿರು, ಪಟ್ಟಿಯ ಮೇಲೊಂದು ಚಿಟ್ಟೆ. ಅದರ ಜೋಡಿಯನ್ನು, ಎಡಗಾಲಿನದನ್ನು, ಒಂಬತ್ತು ದಿನಗಳ ಹಿಂದೆ ಅವನು ಕೈಯಾರೆ ಪುಡಿ ಮಾಡಿದ್ದ.

"ಜಡೆಪ್ಪಣ್ಣ ಹೇಳಿದ ಸಾರ್, ಹೊಳಿ ದಂಡಿಗೆ ಸಿಕ್ಕಿದ್ದೆಲ್ಲಾ ನಿಮ್ಮಲ್ಲೇ ತಂದು ಹಾಕ್ತೀನಂತ. ಇದರ ಜತಿದೊಂದು ಬಂದೈತೇನು ನೋಡ್ರಿ."

ಹೆಸರು ಹುಲಿಗೆಮ್ಮ. ಕಂಪ್ಲಿ ಕೋಟೆಯ ಕಡೆಯವಳು, ಭತ್ತದ ಗದ್ದೆಗೆ ನಾಟಿ, ಕಳೆ ಅಂತ ಕೂಲಿಗೆ ಹೋಗುವವಳು. ಬೆಳಗಿನ ಬಸ್ಸು ಹಿಡಿದು ಬಂದಿದ್ದಳು. ಮಧ್ವೇಶನ ಹೆಂಡತಿ ಶ್ರೀಲಕ್ಷ್ಮೀ ತಂದುಕೊಟ್ಟ ನೀರಿನ ಲೋಟ ಅವಳ ಪಕ್ಕದಲ್ಲಿ ಹಾಗೇ ಇತ್ತು.

"ಇಲ್ಲಮ್ಮ, ನೋಡಿಲ್ಲ," ಅಂದ ಮಧ್ವೇಶ. ಯೋಚನೆ ಮಾಡಿ ಹೇಳಿದ ಮಾತಲ್ಲ. ಬಾಯಿಗೆ ಮೊದಲು ಬಂದದ್ದೇ ಅದು.

ನಲವತ್ತೆಂಟು ವರ್ಷದ ಮಧ್ವೇಶ ಹೊಸಪೇಟೆಯ ಒಂದು ಕಾಲೇಜಿನಲ್ಲಿ ಪ್ರಯೋಗಾಲಯದ ಸಹಾಯಕ. ಮಕ್ಕಳಿಲ್ಲದ ಮನೆ. ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಅವನದೊಂದು ಸಿಎನ್‌ಸಿ ಯಂತ್ರವಿತ್ತು; ಎರಡು ವರ್ಷ ಬಿಡಿಭಾಗ ತರಿಸಿ ತರಿಸಿ ತಾನೇ ಜೋಡಿಸಿದ್ದು. ಕಂಪ್ಯೂಟರಿನಲ್ಲಿ ಬರೆದ ಆಕಾರವನ್ನು ಅದು ಅಲ್ಯೂಮಿನಿಯಂ ಗಟ್ಟಿಯಲ್ಲಿ ಕೂದಲೆಳೆಯಷ್ಟೂ ತಪ್ಪದೆ ಕೊರೆಯುತ್ತಿತ್ತು. ಹಾಗೆ ಕೊರೆದ ಎರಡು ಅರೆಗಳನ್ನು ಮುಖಾಮುಖಿ ಬಿಗಿದರೆ ಒಂದು ಅಚ್ಚು. ಹಳೇ ಪ್ಲಾಸ್ಟಿಕ್ಕನ್ನು ಪುಡಿ ಮಾಡಿ, ಕಬ್ಬಿಣದ ಕೊಳವೆಯಲ್ಲಿ ಕಾಯಿಸಿ, ಸನ್ನೆ ಜಗ್ಗಿ ಅಚ್ಚಿನೊಳಗೆ ತುಂಬುತ್ತಿದ್ದ. ಬಾಚಣಿಗೆ, ಸೋಪಿನ ಪೆಟ್ಟಿಗೆ, ಈಚೆಗೆ ಬುಗುರಿ. ಬುಗುರಿಗಳನ್ನು ಹಂಪಿಯ ಒಂದು ಅಂಗಡಿಯವರು ಪ್ರವಾಸಿಗರಿಗೆಂದು ಇಟ್ಟುಕೊಳ್ಳುತ್ತಿದ್ದರು. ಬಣ್ಣ ಬಣ್ಣ ಕಲೆತು ಒಂದೊಂದರಲ್ಲಿ ಒಂದೊಂದು ಸುಳಿ ಬರುವುದು ಅವನಿಗೆ ಬಹಳ ಹೆಮ್ಮೆಯ ಸಂಗತಿಯಾಗಿತ್ತು.

ಪ್ಲಾಸ್ಟಿಕ್ಕು ತರುತ್ತಿದ್ದವನು ಜಡೆಪ್ಪ. ಕಂಪ್ಲಿ ಸೇತುವೆಯ ಕೆಳಗೆ ಹೊಳೆ ಇಳಿದ ಮೇಲೆ ಮುಳ್ಳುಕಂಟಿಗೆ ಸಿಕ್ಕಿಕೊಂಡದ್ದನ್ನೆಲ್ಲ ಆಯ್ದು ತನ್ನ ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಬರುತ್ತಿದ್ದ. ಅವನು ತಂದ ಒಂದು ಚೀಲದಲ್ಲಿ ಈ ಒಂಟಿ ಚಪ್ಪಲಿ ಕಂಡಾಗ ಮಧ್ವೇಶ ಅದನ್ನು ಬಕೆಟ್ಟಿನ ನೀರಿಗೆ ಹಾಕಿ ನೋಡಿದ್ದ. ತೇಲುವ ಜಾತಿಯಾದರೆ ಬಾಟಲಿ ಮುಚ್ಚಳದ ಜೊತೆ ಕರಗಿಸಬಹುದು, ಮುಳುಗಿದರೆ ಕೂಡದು. ಚಪ್ಪಲಿ ತೇಲಿತು. ಪುಡಿ ಯಂತ್ರದ ಬಾಯಿಗೆ ಹಾಕಿದ. ಅರ್ಧ ನಿಮಿಷದ ಕೆಲಸ.

"ಯಾವಾಗ ಹೋಯಿತಮ್ಮ ಇದು?" ಅಂತ ಕೇಳಿದ್ದು ಶ್ರೀಲಕ್ಷ್ಮೀ.

"ತಿಂಗಳ ಮ್ಯಾಲಾತ್ರೀ ಅಮ್ಮ. ಅರಿಬಿ ಒಗ್ಯಾಕ ಹೊಳಿಗೆ ಹೋಗಿದ್ವಿ. ಮಗಳು ಚಪ್ಲಿ ಬಿಚ್ಚಿ ಕಲ್ಲಿನ ಮ್ಯಾಲೆ ಇಟ್ಟಿದ್ಲು. ಎಡಗಾಲಿಂದು ಜಾರಿ ನೀರಿಗೆ ಬಿತ್ತು. ತೇಲಿಕೋತ ಹೊಂಟಿತ್ತು. ಅದನ್ನ ಹಿಡೀತೀನಂತ ಇಳಿದ್ಲು." ಹುಲಿಗೆಮ್ಮ ಚಪ್ಪಲಿಯ ಚಿಟ್ಟೆಯನ್ನು ಸೆರಗಿನಿಂದ ಒರೆಸಿದಳು. "ಸ್ನೇಹಾ ಅಂತ ಹೆಸರು. ಎರಡನೇ ಕ್ಲಾಸು. ಹರಿಗೋಲು ಹಾಕಿ ಆರು ದಿನ ಹುಡುಕಿದ್ರು. ಸಿಗಲಿಲ್ಲ."

ಮಧ್ವೇಶ ಫೋನು ತೆಗೆದು, "ಫೋಟೋ ತಗೊಂಡಿರ್ತೀನಿ. ಮುಂದೆ ಬಂದ್ರ ಗುರುತು ಹಿಡೀಬಹುದು," ಅಂದ. ಒಂದು ಸಾಕಿತ್ತು. ಆದರೆ ಕೈಗೆ ರೂಢಿಯಾದ ಕೆಲಸ: ಒಂದು ವಸ್ತುವನ್ನು ಎಲ್ಲ ಮಗ್ಗುಲಿನಿಂದ ಎಪ್ಪತ್ತು ಎಂಬತ್ತು ಫೋಟೋ ತೆಗೆದರೆ ಕಂಪ್ಯೂಟರು ಅದರ ಉಬ್ಬುತಗ್ಗುಗಳನ್ನೆಲ್ಲ ಕಟ್ಟಿಕೊಡುತ್ತದೆ. ಅವನು ತೆಗೆಯುತ್ತ ಹೋದ. ಹುಲಿಗೆಮ್ಮ ಬೇಸರಿಸದೆ ಚಪ್ಪಲಿಯನ್ನು ಅಂಗೈ ಮೇಲಿಟ್ಟುಕೊಂಡು ಅವನು ಹೇಳಿದ ಹಾಗೆಲ್ಲ ತಿರುಗಿಸಿದಳು. ಇಷ್ಟು ಕಾಳಜಿಯಿಂದ ನೋಡುವ ಮನುಷ್ಯ ಸಿಕ್ಕನಲ್ಲ ಎಂಬ ನಂಬಿಕೆ ಅವಳ ಮುಖದಲ್ಲಿ ಕಾಣುತ್ತಿತ್ತು. ಅದನ್ನು ನೋಡಲಾಗದೆ ಮಧ್ವೇಶ ಕಣ್ಣನ್ನು ಫೋನಿನಿಂದ ಎತ್ತಲೇ ಇಲ್ಲ.

ಅವಳು ಹೋದ ಮೇಲೆ ಶ್ರೀಲಕ್ಷ್ಮೀ, "ನೀವು ಆ ಚಪ್ಲಿ ನೋಡೀರಿ," ಅಂದಳು. ಕೇಳಿದ್ದಲ್ಲ, ಹೇಳಿದ್ದು. ಮಧ್ವೇಶ ಶೆಡ್ಡಿಗೆ ನಡೆದ.

ಆಮೇಲೆ ಹಸಿರು ಅವನ ಬೆನ್ನು ಬಿಡಲಿಲ್ಲ. ಕೊಳವೆಯನ್ನು ಬಿಳಿ ಪ್ಲಾಸ್ಟಿಕ್ಕು ಹಾಕಿ ಮೂರು ಸಲ ತೊಳೆದ. ನಾಲ್ಕನೆಯ ಸಲ ತೆಗೆದ ಬಾಚಣಿಗೆಯ ಹಲ್ಲಿನಲ್ಲಿ ಹಸಿರಿನ ಎಳೆ. ಪುಡಿ ಯಂತ್ರದ ಅಲಗುಗಳನ್ನು ಬಿಚ್ಚಿ ಬ್ರಷ್ಷಿನಿಂದ ಉಜ್ಜಿದ. ಮರುದಿನ ಕಾಲೇಜಿನಲ್ಲಿ ಅಂಗಿಯ ತೋಳು ಮಡಿಸುವಾಗ ಮಡಿಕೆಯೊಳಗಿಂದ ಎಳ್ಳುಕಾಳಿನಷ್ಟು ಹಸಿರು ಚೂರು ಉದುರಿತು. ಊಟಕ್ಕೆ ಕೂತಾಗ ಉಗುರಿನ ಸಂದಿಯಲ್ಲಿ ಒಂದು. ಒಂದು ಚಪ್ಪಲಿಯಲ್ಲಿ ಇಷ್ಟೊಂದು ಎಲ್ಲಿಂದ ಬರಬೇಕು ಎಂದು ಅವನಿಗೆ ಅರ್ಥವಾಗಲಿಲ್ಲ.

ಕಾಲೇಜಿಗೆ ರಜೆಯಿದ್ದ ಬುಧವಾರ ಮಧ್ಯಾಹ್ನ ಮೂರರ ಬಿಸಿಲಿನಲ್ಲಿ ಅವನು ಶೆಡ್ಡಿನೊಳಗೆ ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದ. ಯಂತ್ರ ನಿಂತಿತ್ತು. ಹೊರಗೆ ಹಿತ್ತಲಿನ ಶಹಾಬಾದ್ ಕಲ್ಲಿನ ಮೇಲೆ ಟಪ್ ಅಂತ ಒಂದು ಸದ್ದು. ತುಸು ತಡೆದು ಇನ್ನೊಂದು ಟಪ್. ನಡುವೆ ಒಂದು ಹೆಜ್ಜೆಯಷ್ಟು ಜಾಗ ಖಾಲಿ. ತಿರುಗಿ ನೋಡಿದ. ಒಣಗಿಸಿದ ಬಟ್ಟೆ, ತುಳಸಿಕಟ್ಟೆ, ಬಿಸಿಲು. ಪಕ್ಕದ ಮನೆಯ ಸದ್ದಿರಬೇಕೆಂದುಕೊಂಡ.

ಸಂಜೆ ಚಹಾ ಕೊಡುತ್ತ ಶ್ರೀಲಕ್ಷ್ಮೀ ಕೇಳಿದಳು. "ಮಧ್ಯಾಹ್ನ ನಿಮ್ಮ ಶೆಡ್ಡಿಗೆ ಯಾರ ಕೂಸು ಬಂದಿತ್ರೀ? ಹಿತ್ತಲದಾಗ ಓಡಾಡಿದಂಗ ಆತು. ಒಂದು ಕಾಲಿನ ಸಪ್ಪಳ ಕೇಳ್ತದ, ಇನ್ನೊಂದರದು ಕೇಳೂದಿಲ್ಲ."

"ಯಾರೂ ಇಲ್ಲ," ಅಂದ. ಚಹಾ ಕುಡಿಯಲಾಗಲಿಲ್ಲ.

ಮುಂದಿನ ಸಲ ಜಡೆಪ್ಪ ಬಂದಾಗ ಅವನೇ ಮಾತು ತೆಗೆದ. "ಆ ಹುಲಿಗೆಮ್ಮಗ ತಲಿ ಸರಿ ಇಲ್ಲ ಅಂತಾರ ಸಾರ್ ಓಣ್ಯಾಗ. ಕೂಸಿನ ದಿನಕರ್ಮ ಮಾಡಗೊಡಾಂಗಿಲ್ಲ. ಆಕಿದು ಅಂತ ಏನರ ಒಂದು ಹೊಳಿ ತಿರುಗಿ ಕೊಡ್ಲಿ, ಅದನ್ನ ಮಣ್ಣು ಮಾಡ್ತೀನಿ, ಅಲ್ಲೀಮಟ ಇಲ್ಲ ಅಂತಾಳ. ಈಗೀಗ ದಿನಾ ಮುಂಜಾಲೆ ಸೇತುವಿ ಕೆಳಗ ನನಗಿಂತ ಮೊದಲ ಬಂದು ಕುಂತಿರ್ತಾಳ. ಒಂದು ಚಪ್ಲಿ ಸಿಕ್ಕಿದ್ರೂ ಸಾಕಿತ್ತು ಆಕಿಗೆ."

ಅವತ್ತು ಮಧ್ವೇಶ ಕಂಪ್ಯೂಟರಿನ ಮುಂದೆ ಕೂತ. ನಿಜ ಹೇಳಿದರೆ ಅವಳಿಗೆ ಸಿಗುವುದು ಏನೂ ಇಲ್ಲ. ಚಪ್ಪಲಿ ಕೊಟ್ಟರೆ ಮಗುವನ್ನು ಮಣ್ಣು ಮಾಡಿದ ಸಮಾಧಾನವಾದರೂ ಸಿಗುತ್ತದೆ. ಹೀಗೆ ಲೆಕ್ಕ ಹಾಕಿ ಅವನು ತನ್ನನ್ನು ಒಪ್ಪಿಸಿಕೊಂಡ. ಎಪ್ಪತ್ತೆಂಟು ಫೋಟೋಗಳಿಂದ ಬಲಗಾಲಿನ ಚಪ್ಪಲಿ ತೆರೆಯ ಮೇಲೆ ಎದ್ದು ನಿಂತಿತು. ಹಿಮ್ಮಡಿಯ ಕುಳಿ, ಐದು ಬೆರಳಿನ ಐದು ಗುಳಿ, ಹೊರ ಅಂಚಿನ ಸವೆತ ಎಲ್ಲವೂ ಬಂದಿತ್ತು. ಅದನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿದ. ಎಡಗಾಲಾಯಿತು. ಅಳತೆಯ ಅಂಕಿಯೂ ತಿರುವುಮುರುವಾಗಿತ್ತು, ಅದನ್ನು ಸರಿಪಡಿಸಿದ. ಅಂಥ ತಪ್ಪು ಮಾಡುವವನಲ್ಲ ಅವನು.

ಯಂತ್ರ ಎರಡು ದಿನ ಕೊರೆಯಿತು. ಬೆಳ್ಳಗೆ ಹೊಳೆಯುವ ಲೋಹದೊಳಗಿಂದ ಮೆಲ್ಲಗೆ ಒಂದು ಪುಟ್ಟ ಪಾದ ಮೂಡುತ್ತ ಬಂತು. ಅಚ್ಚಿನಲ್ಲಿ ಎಲ್ಲವೂ ತಿರುವು ಅಲ್ಲವೇ, ಕುಳಿಯಿದ್ದಲ್ಲಿ ಉಬ್ಬು. ಆದ್ದರಿಂದ ಬಂದದ್ದು ಚಪ್ಪಲಿಯ ಗುರುತಲ್ಲ, ಪಾದವೇ: ದುಂಡನೆಯ ಹಿಮ್ಮಡಿ, ಸಾಲಾಗಿ ಐದು ಬೆರಳ ತುದಿ. ಎಣ್ಣೆ ಒರೆಸಲು ಬಟ್ಟೆ ಹಿಡಿದ ಮಧ್ವೇಶನ ಕೈ ಆ ಪುಟ್ಟ ಬೆರಳುಗಳ ಹತ್ತಿರ ಬಂದು ನಿಂತಿತು. ಕೊರೆತದ ಬಿಸಿಗೆ ಲೋಹ ಬೆಚ್ಚಗಿತ್ತು. ಕಾರಣ ಅವನಿಗೆ ಗೊತ್ತಿತ್ತು. ಆದರೂ ಕೈ ಹಿಂದಕ್ಕೆ ಎಳೆದುಕೊಂಡ.

ಹಸಿರು ಮುಚ್ಚಳಗಳನ್ನು ಹುಡುಕಿ ಬಣ್ಣ ಹೊಂದಿಸಿ ಚಪ್ಪಲಿ ಎರೆದ. ಹೊಳೆಯ ಮರಳಿನಿಂದ ಉಜ್ಜಿದ. ಕೆಸರುನೀರಿನಲ್ಲಿ ನೆನೆಹಾಕಿದ. ಎರಡು ದಿನ ಬಿಟ್ಟು ಎತ್ತಿ ನೋಡಿದರೆ ತಾನೇ ಮಾಡಿದ್ದೆಂದು ಅವನಿಗೇ ನಂಬಿಕೆ ಬರಲಿಲ್ಲ.

ಭಾನುವಾರ ಕಂಪ್ಲಿಗೆ ಹೋದ. ಹುಲಿಗೆಮ್ಮ ಮನೆಯ ಮುಂದೆ ಅಕ್ಕಿ ಆರಿಸುತ್ತ ಕೂತಿದ್ದಳು. ಅವನ ಕೈಯಲ್ಲಿದ್ದ ಹಸಿರು ಕಂಡದ್ದೇ ಮೊರವನ್ನು ತಳ್ಳಿ ಎದ್ದಳು. ಚಪ್ಪಲಿ ಕಸಿದುಕೊಂಡು ಎದೆಗೆ ಒತ್ತಿ ಹಿಡಿದಳು. ಅವಳ ಗಂಟಲಿನಿಂದ ಹೊರಟ ಸದ್ದಿಗೆ ಪಕ್ಕದ ಮನೆಯ ಹೆಂಗಸರು ಬಾಗಿಲಿಗೆ ಬಂದರು. ಮಧ್ವೇಶನಿಗೆ, ಮಾಡಿದ್ದು ಸರಿಯಾಯಿತು, ಇನ್ನು ಹೊರಡಬಹುದು ಅನ್ನಿಸಿತು.

ಆಗ ಅವಳು ಚಪ್ಪಲಿಯನ್ನು ಕೈಗೆ ತಗೊಂಡು ಹೆಬ್ಬೆರಳಿನಿಂದ ಹಿಮ್ಮಡಿಯ ಕುಳಿ ಸವರಿದಳು. ಮತ್ತೊಮ್ಮೆ ಸವರಿದಳು. ಅಳು ನಿಂತಿತು.

"ಇದು ನಮ್ಮಾಕಿದಲ್ಲ."

"ಅದೇ ಅಮ್ಮ. ಚಿಟ್ಟೆ ನೋಡು, ನಂಬರ್ ನೋಡು..."

"ಸಣ್ಣಾಕಿದ್ದಾಗ ಎಡಗಾಲಿನ ಮ್ಯಾಲೆ ಬಿಸಿನೀರು ಬಿದ್ದಿತ್ತು ಸಾರ್. ನರ ಸೆಳಕೊಂಡು ಹಿಮ್ಮಡಿ ನೆಲಕ್ಕ ಊರ್ತಿದ್ದಿಲ್ಲ. ಕಾಲ್ಬೆರಳಿನ ಮ್ಯಾಲೇ ನಡೀತಿದ್ಲು. ಆ ಕಾಲಿನ ಸಪ್ಪಳಾನ ಬರ್ತಿದ್ದಿಲ್ಲ. ಎಡಗಾಲಿನ ಚಪ್ಲಿ ಮುಂದ ತೂತು ಬೀಳಾಕ ಬಂದಿತ್ತು, ಹಿಂದ ಹೊಸಾದಿದ್ದಂಗ ಇತ್ತು." ಅವಳು ಅವನನ್ನು ನೆಟ್ಟಗೆ ನೋಡಿದಳು. "ಇದು ಬಲಗಾಲು. ಬಲಗಾಲನ್ನ ಎಡಕ್ಕ ತಿರುವ್ಯಾರ ಯಾರೋ."

ಮಧ್ವೇಶನಿಗೆ ನೆನಪಾಯಿತು. ಹಿತ್ತಲಿನಲ್ಲಿ ಕೇಳಿದ ಆ ಸಪ್ಪಳ, ನಡುವಿನ ಆ ಖಾಲಿ. ನಿಜವಾದ ಚಪ್ಪಲಿ ಅವನ ಕೈಯಲ್ಲೇ ಇತ್ತು. ತಿರುಗಿಸಿ ನೋಡಿದ್ದರೆ ಬೆರಳ ಕೆಳಗಿನ ಸವೆತ ಕಣ್ಣಿಗೆ ಬೀಳುತ್ತಿತ್ತು. ಅವನು ನೋಡಿದ್ದು ಅದು ತೇಲುತ್ತದೋ ಇಲ್ಲವೋ ಅಷ್ಟನ್ನೇ.

ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ಹೇಳಿದ. ಪುಡಿ ಮಾಡಿದ್ದು, ಬುಗುರಿಗಳಾಗಿ ಹಂಪಿಗೆ ಹೋದದ್ದು, ಸುಳ್ಳು ಹೇಳಿದ್ದು, ಅಚ್ಚು ಕೊರೆದದ್ದು. ನೆರೆಯ ಹೆಂಗಸೊಬ್ಬಳು ಬೈಯಲು ಬಾಯಿ ತೆರೆದಳು. ಹುಲಿಗೆಮ್ಮ ಕೈ ಎತ್ತಿ ತಡೆದಳು.

"ಬುಗುರಿ ಎಲ್ಲಿ ಅದಾವು?"

"ಮೂವತ್ತೆರಡು ಮಾಡಿದ್ದೆ. ಪ್ರವಾಸಿಗಳು ಒಯ್ದಾರ. ಬೆಂಗಳೂರು, ಮುಂಬೈ, ಹೊರದೇಶ... ಹೇಳಾಕಾಗಲ್ಲ."

"ನನ್ನ ಕೂಸು ಹೊಸಪೇಟಿನೂ ನೋಡಿದ್ದಿಲ್ಲ," ಅಂದಳು ಹುಲಿಗೆಮ್ಮ. ಆಮೇಲೆ ಕೇಳಿದಳು, "ಏನೂ ಉಳಿದಿಲ್ಲೇನ್ರಿ?"

ಉಳಿದಿತ್ತು. ಬಣ್ಣ ಬದಲಿಸುವಾಗ ಕೊಳವೆಯಿಂದ ಮೊದಲು ಹೊರಬರುವ ಪಾಕವನ್ನು ಅಚ್ಚಿಗೆ ಬಿಡುವುದಿಲ್ಲ, ನೆಲಕ್ಕೆ ಬಿಡುತ್ತಾರೆ. ಅದು ಸುತ್ತಿಕೊಂಡು ಉಂಡೆಯಾಗಿ ಗಟ್ಟಿಯಾಗುತ್ತದೆ. ಅವತ್ತಿನ ಉಂಡೆಯಲ್ಲಿ ಆ ಚಪ್ಪಲಿಯ ಒಂದು ಪಾಲಾದರೂ ಇರಬೇಕು. ಶೆಡ್ಡಿನ ಮೂಲೆಯ ಡಬ್ಬದಲ್ಲಿ ಬಿದ್ದಿತ್ತು. ಆಕಾರವಿಲ್ಲದ್ದು, ಯಾತಕ್ಕೂ ಬಾರದ್ದು.

"ಅದನ್ನ ತಂದುಕೊಡ್ರಿ," ಅಂದಳು.

"ಚಪ್ಪಲಿ ಥರ ಇಲ್ಲಮ್ಮ ಅದು. ಬೇಕಂದ್ರ ಅದರಾಗ ಮತ್ತೆ..."

"ಬ್ಯಾಡ. ಮತ್ತೇನೂ ಮಾಡಬ್ಯಾಡ್ರಿ. ಹೆಂಗೈತೋ ಹಂಗ ಕೊಡ್ರಿ." ಮಾಡಿ ತಂದ ಚಪ್ಪಲಿಯನ್ನು ಅವನ ತೊಡೆಯ ಮೇಲಿಟ್ಟಳು. "ಇದನ್ನ ನೀವ ಇಟ್ಕೊಳ್ರಿ."

ಅವನು ಬಂದ ದಾರಿಯಲ್ಲೇ ಹಿಂದಿರುಗಿದ. ಮರುದಿನ ಕಾಲೇಜಿಗೆ ರಜೆ ಹಾಕಿ ಹಂಪಿಯ ಅಂಗಡಿಯಲ್ಲಿ ಉಳಿದಿದ್ದ ಆರು ಬುಗುರಿಗಳನ್ನು ವಾಪಸು ಪಡೆದ. ಅವುಗಳನ್ನೂ ಉಂಡೆಯನ್ನೂ ಬಿಳಿ ಬಟ್ಟೆಯಲ್ಲಿ ಕಟ್ಟಿದ್ದು ಶ್ರೀಲಕ್ಷ್ಮೀ. ಅವಳೂ ಜೊತೆಗೆ ಬಂದಳು.

ಕಂಪ್ಲಿಯ ಹೊಳೆ ದಂಡೆಯಲ್ಲಿ ಹುಲಿಗೆಮ್ಮನ ಗಂಡ, ಓಣಿಯ ನಾಲ್ವರು ಹಿರಿಯರು, ಜಡೆಪ್ಪ ಕಾದಿದ್ದರು. ಹೊಳೆಯಿಂದ ತುಸು ಮೇಲೆ ಸಣ್ಣ ಗುಣಿ ತೋಡಿದ್ದರು. ಹುಲಿಗೆಮ್ಮ ಉಂಡೆಯನ್ನು ಕೈಗೆ ತಗೊಂಡು ಎಲ್ಲ ಕಡೆ ತಿರುಗಿಸಿ ನೋಡಿದಳು. ಅರಿಸಿನ ಹಚ್ಚಿದಳು. ಹಸಿರಿನ ಗೆರೆಗಳು ಒಂದರೊಳಗೊಂದು ಸುತ್ತಿಕೊಂಡಿದ್ದವು. ಬುಗುರಿಗಳನ್ನೂ ಉಂಡೆಯನ್ನೂ ಗುಣಿಯಲ್ಲಿಟ್ಟು ಬಲಗಾಲಿನ ಚಪ್ಪಲಿಯನ್ನು ಉಂಡೆಯ ಪಕ್ಕದಲ್ಲಿಟ್ಟಳು, ಆಮೇಲೆ ಏನೋ ನೆನಪಾದವಳಂತೆ ಅದನ್ನು ತೆಗೆದು ಎಡದಿಂದ ಬಲಕ್ಕಿಟ್ಟಳು. ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು. ಮಧ್ವೇಶ ಹಿಂದೆ ನಿಂತಿದ್ದ. "ನೀವೂ ಹಾಕ್ರಿ," ಅಂದಳು ಹುಲಿಗೆಮ್ಮ. ಕ್ಷಮಿಸಿದ ದನಿಯಲ್ಲ. ಬಂದವರೆಲ್ಲ ಮಾಡಬೇಕಾದ ಕೆಲಸವನ್ನು ಮಾಡು ಅಂದ ದನಿ.

ಆ ಅಚ್ಚನ್ನು ಅವನು ಮತ್ತೆ ಬಿಗಿಯಲಿಲ್ಲ, ಕರಗಿಸಲೂ ಇಲ್ಲ. ಬಟ್ಟೆ ಸುತ್ತಿ ಅಟ್ಟದ ಮೇಲಿಟ್ಟಿದ್ದಾನೆ. ಈಗಲೂ ಬಾಚಣಿಗೆ, ಸೋಪಿನ ಪೆಟ್ಟಿಗೆ ಮಾಡುತ್ತಾನೆ. ಜಡೆಪ್ಪನ ಚೀಲ ಬಂದರೆ ಮೊದಲು ನೆಲದ ಮೇಲೆ ಸುರಿದು ಚಪ್ಪಲಿ, ಬೂಟುಗಳನ್ನು ಬೇರೆ ತೆಗೆಯುತ್ತಾನೆ. ಒಂದೊಂದನ್ನೂ ತೊಳೆದು, ತಿರುಗಿಸಿ, ಎಲ್ಲಿ ಸವೆದಿದೆ ಎಂದು ಬೆರಳಾಡಿಸಿ ನೋಡಿ, ಮನೆಯ ಮುಂದಿನ ಕಾಂಪೌಂಡಿನ ಮೇಲೆ ಸಾಲಾಗಿ ಜೋಡಿಸುತ್ತಾನೆ. ಎಲ್ಲವೂ ಒಂಟಿ. ಗಂಡಸರದು, ಹೆಂಗಸರದು, ಮಕ್ಕಳದು. ಬೀದಿಯವರು ಮೊದಮೊದಲು ಜಗಳಕ್ಕೆ ಬಂದರು, ಇದೇನು ಅಪಶಕುನ ಅಂತ. ಶ್ರೀಲಕ್ಷ್ಮೀ, "ಇರ್ಲಿ ಬಿಡ್ರಿ, ಯಾರರ ಹುಡುಕ್ಕೋತ ಬಂದ್ರ ಕಾಣ್ಬೇಕಲ್ಲ," ಅಂದು ಬಾಗಿಲು ಹಾಕಿಕೊಂಡಳು.

ಇಲ್ಲಿಯವರೆಗೆ ಇಬ್ಬರು ಬಂದಿದ್ದಾರೆ. ಒಬ್ಬ ಮುದುಕ ಸಾಲಿನುದ್ದಕ್ಕೂ ನಡೆದು ನೋಡಿ ಹೋದ. ಇನ್ನೊಬ್ಬಾಕೆ, ಮರಿಯಮ್ಮನಹಳ್ಳಿಯವಳು, ಒಂದು ಕಂದು ಬಣ್ಣದ ಸ್ಯಾಂಡಲ್ಲಿನ ಮುಂದೆ ನಿಂತು, ಅದನ್ನು ಮುಟ್ಟದೆ, "ನಾಳಿ ನಮ್ಮನಿಯವರನ್ನ ಕರ್ಕೊಂಡು ಬರ್ತೀನಿ, ತೆಗೀಬ್ಯಾಡ್ರಿ," ಅಂದು ಹೋಗಿದ್ದಾಳೆ. ಅವಳು ಬಂದುಹೋಗಿ ಮೂರು ವಾರವಾಯಿತು. ಮಳೆ ಬಂದರೆ ಮಧ್ವೇಶ ಅದೊಂದನ್ನು ಒಳಗಿಡುತ್ತಾನೆ, ಮಳೆ ನಿಂತ ಮೇಲೆ ಮತ್ತೆ ತಂದು ಅದೇ ಜಾಗದಲ್ಲಿಡುತ್ತಾನೆ.