ಹನ್ನೆರಡು ಗಂಟೆಯ ಆಮೊರಿ

ಹನ್ನೊಂದೂವರೆಯಿಂದ ಮೊರಿಸ್ ಮತ್ತು ಪೂವಪ್ಪ ಬಂದರಿನ ಗೋಣಿ ಅಂಗಡಿಯ ಎದುರು ಒಬ್ಬರನ್ನೊಬ್ಬರು ದ್ವೇಷಿಸುತ್ತ ನಿಂತಿದ್ದರು. ಕೊಲ್ಲಬೇಕಾಗಿದ್ದ ರುಡೊಲ್ಫನ ಮೇಲೆ ಇಬ್ಬರಿಗೂ ಅಷ್ಟು ಸಿಟ್ಟಿರಲಿಲ್ಲ. ಅವನು ಮಂಜಿ ಹಡಗುಗಳಿಗೆ ಹಂಚು ತುಂಬಿಸುವ ಗುತ್ತಿಗೆದಾರ. ಅವನು ಹೋದರೆ ಗುತ್ತಿಗೆ ಈ ಕೆಲಸ ಒಪ್ಪಿಸಿದ ಅಲೆಕ್ಸನಿಗೆ ಸಿಗುತ್ತದೆ, ಅಷ್ಟೇ. ಆ ಅಲೆಕ್ಸ್ ಕೈಬಿಗಿ ಮನುಷ್ಯ. ಪಿಸ್ತೂಲು ಕೇಳಿದರೆ ಮೀನು ಕೊಯ್ಯುವ ಕತ್ತಿ ಕೊಟ್ಟಿದ್ದ, ಇಬ್ಬರಿಗೂ ಸೇರಿ ಒಂದು.

ಕತ್ತಿ ಬಜಪೆಯ ಪೂವಪ್ಪನ ಸೊಂಟದಲ್ಲಿತ್ತು. ಉಪಾಯ ಮೊರಿಸನದು. ರುಡೊಲ್ಫ್ ಗೋದಾಮಿನಿಂದ ಊಟಕ್ಕೆ ಹೊರಡುವಾಗ ಮೊಯ್ದೀನಬ್ಬ ಎಂಬ ಕೋಣದಂಥ ಆಳು ಬೆನ್ನಿಗೇ ಇರುತ್ತಿದ್ದ. ಆದರೆ ಅಲೆಕ್ಸ್ ಹೇಳಿದಂತೆ, ಹನ್ನೆರಡಕ್ಕೆ ಇಗರ್ಜಿಯಲ್ಲಿ ಆಮೊರಿ ಪ್ರಾರ್ಥನೆಯ ಗಂಟೆ ಬಡಿದರೆ ರುಡೊಲ್ಫ್ ಇದ್ದಲ್ಲೇ ನಿಂತು, ಟೊಪ್ಪಿ ತೆಗೆದು, ಕಣ್ಣು ಮುಚ್ಚಿ ಪ್ರಾರ್ಥನೆ ಹೇಳುತ್ತಿದ್ದ. ಆಗ ಮೊರಿಸ್ ಮೊಯ್ದೀನಬ್ಬನನ್ನು ತಬ್ಬಿ ಹಿಡಿಯಬೇಕು, ಪೂವಪ್ಪ ಇರಿಯಬೇಕು.

“ನಿಮ್ಮ ಕಿರಿಸ್ತಾನದವನನ್ನು ದೇವರ ಹೆಸರು ಹೇಳುವಾಗಲೇ ಹಿಡಿದು ಕೊಡ್ತಿ,” ಪೂವಪ್ಪ ಎಲೆಯಡಿಕೆ ಉಗಿದ. “ನಿನಗೆ ಎಂತದೂ ಅನಿಸುವುದಿಲ್ಲವಾ ಪೊರ್ಬುಲೆ?”

“ನಾನು ಇಗರ್ಜಿ ಬಿಟ್ಟು ಹದಿನೈದು ವರ್ಷ ಆಯ್ತು. ನೀನು ಕತ್ತಿ ನೋಡಿಕೊ.”

“ಕತ್ತಿ ಸರಿ ಉಂಟು. ನಾನು ನಿನ್ನ ಕೈ ನೋಡ್ತಾ ಇದ್ದೇನೆ.”

ಮೊರಿಸ್ ಕೈಯನ್ನು ಕಿಸೆಗೆ ಇಳಿಸಿದ. ಬೊಂಬಾಯಿಯ ಗೋದಿಯಲ್ಲಿ, ಹಡಗು ನಿಲ್ಲುವ ಕಟ್ಟೆಯಲ್ಲಿ, ಮೂವರನ್ನು ಮುಗಿಸಿದ ಕೈ ಅದು. ಮೂವರಿಗೂ ಅವನ ಹೆಸರು ಗೊತ್ತಿರಲಿಲ್ಲ. ಈ ಕಸುಬಿನಲ್ಲಿ ಹೆಸರು ಕೊಟ್ಟವನನ್ನು ಜೊತೆಯವರೇ ಉಳಿಸುವುದಿಲ್ಲ.

ರುಡೊಲ್ಫ್ ಹೊರಬಂದ. ಹಿಂದೆ ಮೊಯ್ದೀನಬ್ಬ. ಮೊರಿಸ್ ರಸ್ತೆಗಿಳಿದು ನಾಲ್ಕು ಹೆಜ್ಜೆ ಇಟ್ಟ. ಗಂಟೆ ಬಡಿಯಿತು.

ಮೊರಿಸನ ಕಾಲು ನಿಂತಿತು. ಅವನು ನಿಲ್ಲಿಸಲಿಲ್ಲ, ಅದಾಗಿಯೇ ನಿಂತಿತು. ಗೋದಿಯಲ್ಲಿ ಇದ್ದದ್ದು ಸೈರನ್ನು; ಹಿಂದಿನ ರಾತ್ರಿಯಷ್ಟೇ ಊರಿಗೆ ಮರಳಿದವನ ಕಿವಿಗೆ ಇಷ್ಟು ವರ್ಷ ಈ ಗಂಟೆ ಬಿದ್ದಿರಲಿಲ್ಲ. ಕೈ ಟೊಪ್ಪಿಗೆ ಹೋಯಿತು, ಕಣ್ಣು ಮುಚ್ಚಿತು, ತುಟಿ ತನ್ನಷ್ಟಕ್ಕೆ ಅಲುಗತೊಡಗಿತು. ಕೈಗಾಡಿಯವನೊಬ್ಬ ಬೈದು ಬಳಸಿಕೊಂಡು ಹೋದ. ಕಣ್ಣು ತೆರೆದಾಗ ಎದುರಿಗೆ ರುಡೊಲ್ಫ್, ಟೊಪ್ಪಿ ಇನ್ನೂ ಕೈಯಲ್ಲೇ, ಅವನ ಪ್ರಾರ್ಥನೆ ಮುಗಿಯಲೆಂದು ಕಾಯುತ್ತ ನಿಂತಿದ್ದ.

“ಯಾರ ಮಗ ನೀನು?” ಕೊಂಕಣಿಯಲ್ಲಿ ಕೇಳಿದ.

ಪ್ರಾರ್ಥನೆಯ ಬಾಯಿ ಇನ್ನೂ ಮುಚ್ಚಿರಲಿಲ್ಲ. “ಕುಲಶೇಖರದ ತೆರೆಸಾಳ ಮಗ. ಮೊರಿಸ್.”

“ರಸ್ತೆಯಲ್ಲಿ ನಿಲ್ಲುವವರು ಈಗ ಕಡಿಮೆ. ನಾಳೆಯೂ ಇರ್ತೀಯಾ?”

“ಇರ್ತೇನೆ.”

ರುಡೊಲ್ಫ್ ಊಟಕ್ಕೆ ಹೋದ. ಪೂವಪ್ಪ ಹತ್ತಿರ ಬಂದು ನಗುತ್ತಲೇ ಮೊರಿಸನ ಅಂಗಿಯ ಕಾಲರು ಹಿಡಿದ; ದೂರದಿಂದ ಮೊಯ್ದೀನಬ್ಬ ಒಮ್ಮೆ ತಿರುಗಿ ನೋಡಿದ.

“ನಿನ್ನ ಹೆಸರು ಕೊಟ್ಟೆ, ಅಮ್ಮನ ಹೆಸರು ಕೊಟ್ಟೆ. ಮನೆ ನಂಬ್ರ ಒಂದು ಯಾಕೆ ಬಿಟ್ಟದ್ದು ಮಾರಾಯ?”

“ನಾಳೆ ಮುಗಿಸುವ. ಅವನೇ ನನ್ನ ಹತ್ತಿರ ಬರ್ತಾನೆ.”

“ನಾಳೆ ಅವನು ಬಿದ್ದರೆ ಸರಿ. ಇಲ್ಲದಿದ್ದರೆ ನೀನು. ನನ್ನ ಕತ್ತಿಗೆ ಪೊರ್ಬುಗಳಲ್ಲಿ ಭೇದ ಇಲ್ಲ.”

ಮರುದಿನ ಮೊರಿಸ್ ಎರಡೂ ಕಿವಿಗೆ ಹತ್ತಿ ಗಿಡಿದುಕೊಂಡು ಬಂದ. ಗಂಟೆ ಕೇಳದಿದ್ದರೆ ಕಾಲು ನಿಲ್ಲುವುದಿಲ್ಲ. ರುಡೊಲ್ಫನ ಕೈ ಟೊಪ್ಪಿಗೆ ಹೋದದ್ದು ಕಂಡರೆ ಸಾಕು. ಹತ್ತಿಯೊಳಗೆ ಬಂದರು ಸತ್ತು ಬಿದ್ದಂತಿತ್ತು. ಗಾಡಿಗಳು ಸದ್ದಿಲ್ಲದೆ ಉರುಳಿದವು, ಹಮಾಲಿಗಳು ಸದ್ದಿಲ್ಲದೆ ಬೈದಾಡಿದರು. ಪೂವಪ್ಪ ಬೆನ್ನ ಹಿಂದೆ, ಗೋಣಿ ರಾಶಿಯ ಮರೆಯಲ್ಲಿದ್ದ.

ರುಡೊಲ್ಫ್ ನೇರವಾಗಿ ಅವನತ್ತಲೇ ನಡೆದು ಬಂದು ಟೊಪ್ಪಿ ತೆಗೆದ. ಮೊರಿಸನ ಕಣ್ಣು ಮೊಯ್ದೀನಬ್ಬನನ್ನು ಹುಡುಕಿತು. ಇರಲಿಲ್ಲ. ತಿರುಗಿ ನೋಡಿದ. ಗೋಣಿ ರಾಶಿ ಚೆಲ್ಲಾಪಿಲ್ಲಿಯಾಗಿತ್ತು. ಅಂಗಡಿಯ ಬಾಗಿಲು ಅರ್ಧ ಮುಚ್ಚಿತ್ತು. ಹೊಸ್ತಿಲಲ್ಲಿ ಪೂವಪ್ಪನ ಒಂದು ಚಪ್ಪಲಿ ಮಗುಚಿ ಬಿದ್ದಿತ್ತು. ಏನಾದರೂ ಕೂಗಿದ್ದನೋ ಏನೋ.

ರುಡೊಲ್ಫನ ತುಟಿ ಅಲುಗುತ್ತಿತ್ತು. ಮೊರಿಸನಿಗೆ ಕೇಳಿಸುತ್ತಿಲ್ಲವೆಂದು ತಿಳಿದು, ಅವನೇ ಕೈ ಚಾಚಿ ಒಂದು ಕಿವಿಯ ಹತ್ತಿ ಎಳೆದ.

“ನಿನ್ನೆ ಸಂಜೆ ಕುಲಶೇಖರಕ್ಕೆ, ನಿನ್ನ ಅಮ್ಮನಲ್ಲಿಗೆ ಹೋಗಿದ್ದೆ. ಒಳ್ಳೆಯ ಮಗನನ್ನು ಹೆತ್ತಿದ್ದಿ ಅಂತ ಹೇಳುವ ಅಂತ. ಮಗ ಸತ್ತು ಎಂಟು ವರ್ಷ ಆಯ್ತು ಅಂದಳು. ಬೊಂಬಾಯಿಯಿಂದ ಎಂತದೋ ಸುದ್ದಿ ಬಂತಂತೆ, ಅವತ್ತೇ ನಿನ್ನ ಆತ್ಮಕ್ಕೆ ಇಗರ್ಜಿಯಲ್ಲಿ ಮಾಸ್ ಪೂಜೆ ಕೊಡಿಸಿದಳಂತೆ. ಎಂತ ಸುದ್ದಿ ಅಂತ ಕೇಳಿದೆ. ಅದನ್ನೂ ಹೇಳಿದಳು, ಕೊಲ್ಲುವುದು ನಿನ್ನ ಕಸುಬು ಅಂತ.”

“ನಾನು ಬದುಕಿದ್ದೇನಲ್ಲ.”

“ನಾನೂ ಹೇಳಿದೆ, ಬಂದರಿನಲ್ಲಿ ಕಂಡೆ ಅಂತ. ಅಲ್ಲ, ಸತ್ತಿದ್ದಾನೆ ಅಂದಳು. ಬಾಗಿಲು ಹಾಕಿದಳು.” ರುಡೊಲ್ಫ್ ಟೊಪ್ಪಿ ಸರಿಮಾಡಿಕೊಂಡ. “ನಿನ್ನನ್ನು ಕೇಳಿಕೊಂಡು ಯಾರೂ ಬರುವುದಿಲ್ಲ ಮೊರಿಸ್.”

ಅವನು ಊಟಕ್ಕೆ ನಡೆದ. ಇಬ್ಬರು ಹಮಾಲಿಗಳು ಗೆಳೆಯರಂತೆ ಮೊರಿಸನ ಎರಡೂ ತೋಳು ಹಿಡಿದುಕೊಂಡರು. ಅರ್ಧ ಮುಚ್ಚಿದ ಬಾಗಿಲಲ್ಲಿ ಮೊಯ್ದೀನಬ್ಬ ಅಂಗೈಯನ್ನು ಗೋಣಿಗೆ ಒರೆಸುತ್ತ ನಿಂತಿದ್ದ.

“ಬೇಗ ಬಾ ಮಾರಾಯ,” ಅಂದ. “ನಮಗೂ ಊಟಕ್ಕೆ ಹೋಗಲಿಕ್ಕುಂಟು.”