ನೆನೆಹಾಕಿದ ಕಾರ್ಡುಗಳು

ಗಾಜಿನ ತಟ್ಟೆಗೆ ಚಿತ್ರ ಅಂಟಿಸುವುದೆಂದರೆ ಎಲ್ಲವೂ ತಿರುಗುಮುರುಗು. ಅಂಟು ಚಿತ್ರದ ಮುಖಕ್ಕೆ, ಚಿತ್ರ ತಟ್ಟೆಯ ಬೆನ್ನಿಗೆ. ಮೊದಲು ಹಡಗು, ಅದರ ಹಿಂದೆ ಅಲೆ, ಕೊನೆಗೆ ನೀಲಿ ಬಣ್ಣ. ಬಟ್ಟೆಯನ್ನು ಒಳಮೈಯಿಂದ ಹೊಲಿದು ಮಗುಚುವ ದರ್ಜಿ ಅವಳು, ಇದೇನೂ ಕಷ್ಟವಾಗಲಿಲ್ಲ. ತೊಂದರೆ ಕೊಟ್ಟದ್ದು ಕಾರ್ಡುಗಳ ದಪ್ಪ. ಬಾಗಿದ ಗಾಜಿಗೆ ದಪ್ಪ ಕಾಗದ ಕೂರುವುದಿಲ್ಲ. ನೀರಲ್ಲಿ ನೆನೆಸಿ ಹಿಂಬದಿಯ ಪದರ ಸುಲಿಯಬೇಕು.

ಕಾರ್ಡುಗಳೆಲ್ಲ ಗಂಡ ಕೊಟ್ಟವು. ಅವನು ಹಡಗಿನ ಅಡುಗೆಯವನು. ಮೂರು ವರ್ಷಗಳಿಂದ ರಜೆಗೆ ಬಂದಾಗಲೆಲ್ಲ ಒಂದೊಂದು ಬಂದರಿನ ಚಿತ್ರಕಾರ್ಡು ತರುತ್ತಿದ್ದ. ಹಿಂದೆ ಅಂಟಿಸಿದ ಬಿಳಿ ಚೀಟಿ, ಅದರ ಮೇಲೆ ನಾಲ್ಕು ಸಾಲು. "ಅಂಚೆಗೆ ಹಾಕೋಕೆ ಪುರುಸೊತ್ತಾಗಲಿಲ್ಲ ಕಣೇ" ಅನ್ನುತ್ತಿದ್ದ. ಆ ಸಾಲುಗಳನ್ನು ಅಳತೆಪುಸ್ತಕದಲ್ಲಿ ಬರೆದಿಟ್ಟುಕೊಂಡೇ ಅವಳು ಏಳು ಕಾರ್ಡುಗಳನ್ನೂ ನೆನೆಹಾಕಿದ್ದಳು. ಅವನು ಕ್ಷೌರಕ್ಕೆ ಹೋಗಿದ್ದ. ಮತ್ತೆ ಹಡಗು ಹತ್ತುವ ಮುಂಚೆ ತಟ್ಟೆ ಮುಗಿಸಿ ಕೊಡಬೇಕೆಂಬ ಆಸೆ.

"ಅಮ್ಮಾ, ಚೀಟಿ ತೇಲ್ತಿದೆ!" ಅಂದಳು ದೊಡ್ಡ ಮಗಳು.

"ತೇಲಲಿ ಕಂದಾ, ಎಳೀಬೇಡ."

ಚೀಟಿ ಬಿಟ್ಟ ಜಾಗದಲ್ಲಿ ನೇರಳೆ ಬಣ್ಣದ ಮೊಹರು. ಪಕ್ಕದ ಪಟ್ಟಣದ ಬಸ್ ನಿಲ್ದಾಣದ ಎದುರಿನ ಪುಸ್ತಕದಂಗಡಿಯದು. ಹೋಗುವ ದಾರಿಯಲ್ಲಿ ಕೊಂಡಿರಬೇಕು ಅಂದುಕೊಂಡಳು. ಎರಡನೆಯದರಲ್ಲೂ ಅದೇ. ಮೂರನೆಯದರ ಚೀಟಿಯನ್ನು ಅವಳೇ ಉಗುರಿನಿಂದ ಎಬ್ಬಿಸಿದಳು. ಏಳು ಬಂದರು, ಒಂದೇ ಅಂಗಡಿ.

"ಏನಿದು, ಅಮ್ಮ ಮಗಳು ಸೇರಿ ಸಮುದ್ರನೇ ಬೋಗುಣಿಗೆ ಇಳಿಸಿದೀರಾ?" ನಗುತ್ತ ಒಳಬಂದ ಅವನು, ಬೋರಲು ಬಿದ್ದ ಕಾರ್ಡುಗಳನ್ನು ಕಂಡು ನಗು ನುಂಗಿಕೊಂಡ.

"ತಂಗಿ ಎದ್ದಳೇನೋ ನೋಡಿ ಬಾ" ಎಂದು ಮಗಳನ್ನು ಒಳಗೆ ಕಳಿಸಿ, "ಯಾವಾಗಿನಿಂದ?" ಎಂದಳು.

"ಮೊದಲ ಪ್ರಯಾಣದಲ್ಲೇ ವಾಂತಿ ನಿಲ್ಲಲಿಲ್ಲ. ಇಳಿಸಿಬಿಟ್ಟರು. ವಾಪಸ್ ಬಂದು ಆ ಅಂಗಡಿ ಪಕ್ಕದಲ್ಲೇ ಒಂದು ಹೋಟೆಲು ಸೇರ್ಕೊಂಡೆ. ಹಡಗು ಹಡಗು ಅಂತ ಊರೆಲ್ಲ ಡಂಗುರ ಸಾರಿ ಹೋದವನು, ಯಾವ ಮುಖ ಹೊತ್ಕೊಂಡು ಬರಲಿ?"

ವಾಂತಿ! ಹೇಳಿದ್ದರೆ ಅವಳು ಬೆನ್ನು ಸವರಿ, ಊರಿನ ಬಾಯಿಗೆ ತಾನೇ ಬೀಗ ಹಾಕುತ್ತಿದ್ದಳು.

"ಅಲ್ಲಿಂದ ಬಸ್ಸಿಗೆ ಎಷ್ಟು ಹೊತ್ತು?"

"...ಎರಡು ಗಂಟೆ."

"ಚಿಕ್ಕವಳನ್ನ ಹೆರೋಕೆ ನನಗೆ ಹದಿನಾಲ್ಕು ಗಂಟೆ ಹಿಡೀತು. ಪಕ್ಕದ ಮನೆ ಅಕ್ಕ ಫೋನ್ ಮಾಡಿ ಮಾಡಿ ಸಾಕಾದರು. ನಡುನೀರಲ್ಲಿರೋರು ಹೇಗೆ ಎತ್ತುತ್ತಾರಕ್ಕಾ ಅಂತ ನಾನೇ ಸಮಾಧಾನ ಹೇಳಿದೆ, ಹಲ್ಲು ಕಚ್ಕೊಂಡು. ಫೋನ್ ಎಲ್ಲಿತ್ತು?"

ಅವನು ನೆಲ ನೋಡಿದ. "ಕೈಯಲ್ಲೇ ಇತ್ತು."

ಅವಳು ಅಳಲಿಲ್ಲ. ಒಂದೊಂದೇ ಕಾರ್ಡು ಎತ್ತಿ, ಮೊಹರು ಮೇಲಾಗಿ, ಹಳೆ ಬಟ್ಟೆಯ ಮೇಲೆ ಹರವಿದಳು.

"ಮಕ್ಕಳಿಗೆ ಮಾತ್ರ ಹೇಳಬೇಡ ಕಣೇ, ಕೈ ಮುಗೀತೀನಿ."

"ನಾನು ಹೇಳಲ್ಲ. ನೀವೇ ಹೇಳ್ತೀರಿ. ಇವತ್ತಿಂದ ಈ ಮನೇಲಿ ನನ್ನ ಬಾಯಿಂದ ನಿಮ್ಮ ಸುಳ್ಳು ಹೊರಡಲ್ಲ."

ಅಷ್ಟರಲ್ಲಿ ದೊಡ್ಡವಳು ತಂಗಿಯನ್ನು ಸೊಂಟದ ಮೇಲೆ ಹೊತ್ತು ಬಂದಳು. ತಾಯಿ ಮಗುವನ್ನು ಇಸಿದುಕೊಂಡು ಗೋಡೆಗೊರಗಿ ಕೂತಳು.

"ಅಪ್ಪಾ, ದೀಪಸ್ತಂಭ ಇರೋ ಊರಲ್ಲೇ ಅಲ್ವಾ ತಿಮಿಂಗಿಲ ನೋಡಿದ್ದು?"

ಅವನು ಹೆಂಡತಿಯ ಕಡೆ ನೋಡಿದ. ಅವಳು ಮಗುವಿನ ಕೂದಲಿಗೆ ಕೈಯಾಡಿಸುತ್ತಿದ್ದಳು, ತಲೆ ಎತ್ತಲಿಲ್ಲ.

"ತಿಮಿಂಗಿಲ ನೋಡಿಲ್ಲ ಪುಟ್ಟಿ."

"ಮತ್ತೆ ಅಷ್ಟು ದಿನ ಹಡಗಲ್ಲಿ ಕೂತು ಏನಪ್ಪಾ ನೋಡ್ತಿದ್ದೆ?" ಎಂದು ಮಗಳು ನಕ್ಕು, ಕಥೆ ಕೇಳಲು ಅವನ ಮಡಿಲಿಗೇ ಬಂದು ಕೂತಳು.