ಹುಡುಕುವವರ ಬುತ್ತಿ

ಕೊಟ್ಟಿಗೆಯಿಂದ ಒಳಗೆ ಬಂದರೆ ಅಡುಗೆಮನೆ ತುಂಬ ಹೊಗೆ. ಅತ್ತೆ ಸ್ಟೈನ್ವೋರ್ ಕಾದ ಒಲೆಯ ಕಬ್ಬಿಣದ ಮೇಲೇ ರೈ ಧಾನ್ಯದ ತೆಳು ರೊಟ್ಟಿ ಸುಡುತ್ತಿದ್ದಾಳೆ. ಒಂದೆರಡಲ್ಲ, ರಾಶಿ. ನಮ್ಮ ಕಡೆ ಇಷ್ಟೊಂದು ರೊಟ್ಟಿ ಸುಡುವುದು ಸಾವಿನ ಮನೆಯಲ್ಲಿ, ಮಣ್ಣು ಮಾಡಿ ಬಂದವರಿಗೆ ಕಾಫಿ ಜೊತೆ ಕೊಡಲಿಕ್ಕೆ. ನನಗೆ ಮೈಯೆಲ್ಲ ಉರಿದುಹೋಯಿತು.

ನನ್ನ ಗಂಡ ಸ್ನೈಬ್ಯೋರ್ನ್ ಕುರಿ ಇಳಿಸಿಕೊಂಡು ಬರಲು ಬೆಟ್ಟ ಹತ್ತಿದ್ದ. ಹಿಮಗಾಳಿ ಎದ್ದಿತು. ಕುರಿಗಳು ಬಂದವು, ಅವನು ಬರಲಿಲ್ಲ. ಅಂದಿನಿಂದ ಊರವರು ಹುಡುಕುತ್ತಲೇ ಇದ್ದರು.

"ಹೆಣ ಸಿಗೋ ಮುಂಚೇನೇ ಸಾವಿನ ಅಡುಗೇನಾ? ಹೆತ್ತವಳೇನಾ ನೀವು?" ಎಂದು ಕಿರುಚಿ, ಆ ರಾಶಿಯನ್ನೆಲ್ಲ ನೆಲಕ್ಕೆ ತಳ್ಳಿಬಿಟ್ಟೆ.

ಅತ್ತೆ ಬಗ್ಗಿ ಒಂದೊಂದನ್ನೇ ಎತ್ತಿ ಸೊಂಟಕ್ಕೆ ಕಟ್ಟಿದ್ದ ಅಡುಗೆಬಟ್ಟೆಗೆ ಒರೆಸಿದಳು. "ಬಾಯಿ ಮುಚ್ಚೇ. ಹುಡುಕೋಕೆ ಹೋಗೋರು ಹಿಮ ತಿಂತಾರಾ? ಪಕ್ಕದ ಮನೆ ಬೆರ್ಗೂರ್ ಊರ ಹುಡುಗರನ್ನ ಕರ್ಕೊಂಡು ಮತ್ತೆ ಹೊರಡ್ತಾನೆ. ಅಳೋದಾದ್ರೆ ಆಚೆ ಹೋಗಿ ಅಳು, ಇಲ್ಲಾಂದ್ರೆ ಲಟ್ಟಣಿಗೆ ಹಿಡಿ."

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಲಟ್ಟಣಿಗೆ ಹಿಡಿದೆ. ಲಟ್ಟಿಸಿ, ತಟ್ಟೆ ಬೋರಲು ಹಾಕಿ ದುಂಡಗೆ ಕತ್ತರಿಸಿ, ಫೋರ್ಕಿನಿಂದ ಚುಚ್ಚಿ, ಕೆಂಡದಂಥ ಕಬ್ಬಿಣಕ್ಕೆ ಬಡಿದೆ. ಕಪ್ಪು ಚುಕ್ಕೆ ಬಂದದ್ದನ್ನು ತಿರುವಿ ಒದ್ದೆ ಬಟ್ಟೆಯಡಿ ತಳ್ಳಿದೆ. ಬೆರಳು ಸುಟ್ಟವು. ಸುಡಲಿ! ಬೆಟ್ಟಕ್ಕೆ ರೊಟ್ಟಿ ಹೋಗುವಷ್ಟು ಕಾಲ ಜನ ಹುಡುಕುತ್ತಾರೆ, ಹುಡುಕುವಷ್ಟು ಕಾಲ ಅವನು ಸತ್ತಿಲ್ಲ. ನನ್ನ ತಲೆಯಲ್ಲಿ ಇದ್ದದ್ದು ಇಷ್ಟೇ.

ಅತ್ತೆ ಕ್ರಿಸ್‌ಮಸ್ಸಿಗೆಂದು ಇಟ್ಟಿದ್ದ ಹೊಗೆ ಹಾಕಿದ ಕುರಿತೊಡೆಯನ್ನು ಕೆಳಗಿಳಿಸಿದಳು.

"ಅದು ಹಬ್ಬಕ್ಕಲ್ವಾ?" ಅಂದೆ.

"ಅವನಿಲ್ಲದ ಹಬ್ಬ ಯಾವನಿಗೆ ಬೇಕು, ಮಣ್ಣು!" ಎಂದು ಚಾಕು ಹಾಕಿದಳು.

ಮಧ್ಯಾಹ್ನ ಬೆರ್ಗೂರ್ ಬಾಗಿಲಿಗೆ ಬಂದ. ಓಡಿಹೋಗಿ ಬುತ್ತಿ ಚಾಚಿದೆ. ಅವನು ಕೈ ನೀಡಲಿಲ್ಲ.

"ರೊಟ್ಟಿ ಬೇಡ, ದಿರ್ಫಿನ್ನಾ."

"ಯಾಕೆ? ಬಿಸಿ ಇದೆ ನೋಡು. ಮಾಂಸಾನೂ ಇಟ್ಟಿದ್ದೀನಿ."

"ಮೇಲೆ ಹಿಮ ಜಾರ್ತಾ ಇದೆ. ಇವತ್ತು ಬೆಳಿಗ್ಗೆ ಇಬ್ಬರು ಹುಡುಗರು ಸ್ವಲ್ಪದರಲ್ಲಿ ಉಳಿದ್ರು. ಇನ್ನು ಯಾರನ್ನೂ ಕಳಿಸಲ್ಲ."

"ಇನ್ನೊಂದೇ ಒಂದು ಸಲ, ಬೆರ್ಗೂರ್. ನಿನ್ನ ಕಾಲಿಗೆ ಬೀಳ್ತೀನಿ."

"ಅವನು ನನ್ನ ಜೊತೆ ಬೆಳೆದವನು," ಅಂದ.

"ಹಾಗಾದ್ರೆ ನಾನೇ ಹೋಗ್ತೀನಿ." ಬುತ್ತಿಯನ್ನು ಎದೆಗೆ ಅವುಚಿಕೊಂಡು ಬೂಟಿಗೆ ಕಾಲು ತೂರಿಸಿದೆ. ಅಷ್ಟರಲ್ಲಿ ಅತ್ತೆ ಬಂದು ಬೆರ್ಗೂರನನ್ನು ಆಚೆ ದಬ್ಬಿ, ಬಾಗಿಲು ಹಾಕಿ, ಅದಕ್ಕೇ ಬೆನ್ನು ಕೊಟ್ಟು ನಿಂತಳು.

"ಬಿಡಿ ನನ್ನ!"

"ಬಿಡಲ್ಲ."

"ಅವನು ನಿಮ್ಮ ಮಗ!"

"ನನ್ನ ಮಗ ಸತ್ತ, ಕಣೇ," ಅಂದಳು. "ಅವನನ್ನ ಬೆಟ್ಟಕ್ಕೆ ಕೊಟ್ಟೆ. ನಿನ್ನನ್ನ ಕೊಡಲ್ಲ."

ಮುಷ್ಟಿ ಕಟ್ಟಿ ಅವಳ ಹೆಗಲಿಗೆ ಗುದ್ದಿದೆ. ಗುದ್ದುತ್ತಲೇ ಇದ್ದೆ. ಅವಳು ಕದಲಲಿಲ್ಲ, ನನ್ನನ್ನು ಎಳೆದು ಗಟ್ಟಿಯಾಗಿ ತಬ್ಬಿಕೊಂಡು ಗೊಳೋ ಎಂದು ಅತ್ತಳು. ನಮ್ಮಿಬ್ಬರ ನಡುವೆ ಬುತ್ತಿ ಅಪ್ಪಚ್ಚಿಯಾಯಿತು. ಅದು ಇನ್ನೂ ಬಿಸಿಯಾಗಿತ್ತು.